ಷಡ್ಡಕನ ಮೇಲೆ ಆಸ್ಟ್ರೇಲಿಯಾ ಫುಟ್‌ಬಾಲಿನ ಪ್ರಯೋಗ

ಆಸ್ಟ್ರೇಲಿಯಾದವರು ತಮ್ಮಷ್ಟಕ್ಕೆ ಆಡಿಕೊಳ್ಳುವ ಒಂದು ಫುಟ್‌ಬಾಲ್ ಉಂಟು. ಅದನ್ನು ನಾನು ಕುವೈಟಿನ ಜಾಬ್ರಿಯಾದಲ್ಲಿ, ನಮ್ಮ ಫ್ಲ್ಯಾಟಿನ ಹಾಲಿನ ಸೋಫಾದ ಮೇಲೆ ಕುಳಿತು, ಒಂದು ಇಡೀ ಸೀಸನ್ ಮತ್ತು ಮರುವರ್ಷದ ಕೆಲವು ವಾರ ಟಿ.ವಿ.ಯಲ್ಲಿ ನೋಡಿದ್ದೇನೆ. ಆ ಆಟದ ಮೇಲೆ ನನಗೆ ಪ್ರೀತಿಯಿರಲಿಲ್ಲ. ದ್ವೇಷವೂ ಇರಲಿಲ್ಲ. ದ್ವೇಷ ಇದ್ದದ್ದು ನನ್ನ ಷಡ್ಡಕನ ಮೇಲೆ; ಆಟ ಅದಕ್ಕೆ ಸಿಕ್ಕಿದ ಆಯುಧ ಮಾತ್ರ.

ಷಡ್ಡಕ ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ನನಗಿಂತ ವಯಸ್ಸಿನಲ್ಲಿ ದೊಡ್ಡವರು, ಕುವೈಟಿಗೆ ನನಗಿಂತ ಮೊದಲು ಬಂದವರು, ಫ್ಲ್ಯಾಟಿನ ಕರಾರು ಇರುವುದೂ ಅವರ ಹೆಸರಿನಲ್ಲಿ. ಆದ್ದರಿಂದ ಈ ಬರಹದುದ್ದಕ್ಕೂ ಅವರಿಗೆ ಬಹುವಚನ ಕೊಡುತ್ತೇನೆ. ಅದಕ್ಕಿಂತ ಹೆಚ್ಚಿನದನ್ನು ಅವರು ನಿರೀಕ್ಷಿಸಬಾರದು. ಅಕ್ಕತಂಗಿಯರು ಇಬ್ಬರೂ ನರ್ಸುಗಳು. ದೊಡ್ಡವರು, ಎಂದರೆ ನಾನು ಅತ್ತಿಗೆ ಎಂದು ಕರೆಯುವವರು, ಹತ್ತಿರದ ಆಸ್ಪತ್ರೆಯಲ್ಲಿ. ನನ್ನ ಹೆಂಡತಿ ಒಂದು ಕ್ಲಿನಿಕ್ಕಿನಲ್ಲಿ. ಷಡ್ಡಕ ಮಿರ್ಕಾಬಿನ ಒಂದು ಆಫೀಸಿನಲ್ಲಿ ಎ.ಸಿ.ಯ ಕೆಳಗೆ ಕೂರುವವರು. ನಾನು ಶುವೈಖಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಜನರೇಟರಿನ ಬಿಡಿಭಾಗ ಮಾರುವ ಕಂಪನಿಯಲ್ಲಿ ಧೂಳಿನ ಕೆಳಗೆ ಕೂರುವವನು. ಎರಡು ಸಂಸಾರಕ್ಕೆ ಎರಡು ಬೆಡ್‌ರೂಮು, ಒಂದು ಅಡುಗೆಮನೆ, ಒಂದು ಹಾಲು, ಹಾಲಿಗೆ ಒಂದು ಟಿ.ವಿ. ಮಲಗುವ ಕೋಣೆಗೆ ಟಿ.ವಿ. ತಂದರೆ ತಾವು ಮನೆ ಬಿಡುವುದಾಗಿ ಅಕ್ಕತಂಗಿಯರು ಸೇರಿ ಎಚ್ಚರಿಕೆ ಕೊಟ್ಟಿದ್ದರು. ನರ್ಸುಗಳ ನಿದ್ದೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಒಂದೇ ಟಿ.ವಿ. ಇರುವ ಕಡೆ ಕಾನೂನು ಬೇಕಾಗುತ್ತದೆ. ಕಾನೂನು ಮಾಡಿದವರು ಷಡ್ಡಕ. ಲೈವ್ ಆಗಿ ಬರುವುದಕ್ಕೆ ಮೊದಲ ಮರ್ಯಾದೆ. ಧಾರಾವಾಹಿ, ಸಿನಿಮಾ, ಯಾರೋ ಮೊಬೈಲಿನಲ್ಲಿ ಹಿಡಿದ ಯಕ್ಷಗಾನ, ಇವೆಲ್ಲ ಕಾಯಬಲ್ಲವು, ಲೈವ್ ಕಾಯುವುದಿಲ್ಲ. ಎರಡು ಲೈವ್ ಎದುರುಬದುರಾದರೆ ಮೊದಲು ಕುಳಿತವನದ್ದೇ ಟಿ.ವಿ., ಅವನದ್ದು ಮುಗಿಯುವ ತನಕ. ಕೇಳಲಿಕ್ಕೆ ಇದು ಬಹಳ ನ್ಯಾಯವಾಗಿತ್ತು. ಆ ಮನೆಯಲ್ಲಿ ಲೈವ್ ನೋಡುತ್ತಿದ್ದದ್ದು ಷಡ್ಡಕ ಒಬ್ಬರೇ ಎಂಬುದನ್ನು ಬಿಟ್ಟರೆ ಅದರಲ್ಲಿ ಯಾವ ದೋಷವೂ ಇರಲಿಲ್ಲ. ಕ್ರಿಕೆಟ್ ಎಲ್ಲಿ ನಡೆದರೂ ಅದು ಅವರದ್ದು. ನನ್ನ ಯಕ್ಷಗಾನದ ರಾಕ್ಷಸರು ಎಷ್ಟೋ ಶುಕ್ರವಾರ ರಂಗಸ್ಥಳಕ್ಕೆ ಬಂದು, ಬಾಯಿ ತೆರೆಯುವ ಮೊದಲೇ ಕ್ರಿಕೆಟಿಗೆ ಬಲಿಯಾಗಿದ್ದಾರೆ. ಅದನ್ನೆಲ್ಲ ನಾನು ಸಹಿಸಿದ್ದೆ. ಸಹಿಸಲಾಗದ್ದು ನಡೆದದ್ದು ನನ್ನ ಅಕ್ಕನ ಮಗಳ ಮದುವೆಯ ದಿನ.

ನಮ್ಮದು ಅಳಿಯಕಟ್ಟಿನ ಕುಟುಂಬ. ಮದುವೆಯಲ್ಲಿ ಅಪ್ಪನಿಗಿಂತ ಸೋದರಮಾವನ ಮಾತು ಮುಂದೆ. ಧಾರೆ ಎರೆಯುವ ಮುಂಚೆ ಕುಲದ ಹಿರಿಯರಾದ ಗುರಿಕಾರರು ಸಭೆಗೆ ಕೇಳುವಂತೆ ಮಾವನ ಒಪ್ಪಿಗೆ ಉಂಟೋ ಎಂದು ಕೇಳಬೇಕು, ಮಾವ ಕೈಯೆತ್ತಿ ಉಂಟು ಎನ್ನಬೇಕು, ಆಮೇಲೆಯೇ ಗಿಂಡಿಯಿಂದ ನೀರು. ನಾನು ಒಬ್ಬನೇ ಸೋದರಮಾವ. ಆದರೆ ನನ್ನ ಇಕಾಮಾ, ಎಂದರೆ ಕುವೈಟಿನಲ್ಲಿ ವಾಸಿಸುವ ಪರವಾನಗಿ, ಆ ಸಮಯ ನೋಡಿಯೇ ನವೀಕರಣಕ್ಕೆ ಹೋಗಿ ಕುಳಿತಿತ್ತು. ಅದು ಬಾರದೆ ನಾನು ಹೊರಡುವ ಹಾಗಿರಲಿಲ್ಲ. ಹಾಗಾಗಿ ಒಂದು ಏರ್ಪಾಟಾಯಿತು. ಅಲ್ಲಿ ಮದುವೆಯ ಹಾಲಿನಲ್ಲಿ ಮಂಟಪದ ಪಕ್ಕ ದೊಡ್ಡ ಪರದೆ ಕಟ್ಟುವುದು, ಇಲ್ಲಿ ನಮ್ಮ ಟಿ.ವಿ.ಯ ನೆತ್ತಿಗೆ ಸಣ್ಣ ಕ್ಯಾಮರಾ ಸಿಕ್ಕಿಸುವುದು, ವೀಡಿಯೊ ಕಾಲಿನಲ್ಲಿ ಗುರಿಕಾರರು ಕೇಳುವುದು, ಕುವೈಟಿನಿಂದ ನಾನು ಕೈಯೆತ್ತುವುದು.

ಶನಿವಾರ ರಜೆಯ ದಿನ. ಷಡ್ಡಕನ ಟೆಸ್ಟ್ ಪಂದ್ಯ ಬೆಳಗಿನಿಂದಲೇ ನಡೆಯುತ್ತಿತ್ತು. ಅವರು ಊಟದ ವಿರಾಮದಲ್ಲಿ ಟಿ.ವಿ.ಯನ್ನು ನನಗೆ ಬಿಟ್ಟುಕೊಟ್ಟರು. ಬಿಟ್ಟುಕೊಡುವಾಗ ಅವರ ಮುಖದಲ್ಲಿ ಜಮೀನು ದಾನ ಮಾಡುವವರ ಕಳೆ ಇತ್ತು. ನಾನು ಪಟ್ಟೆಯ ಮುಂಡು ಉಟ್ಟು, ಶಲ್ಯ ಹೊದ್ದು, ತಲೆಗೆ ಮುಂಡಾಸು ಸುತ್ತಿ ಸೋಫಾದ ಮೇಲೆ ನೆಟ್ಟಗೆ ಕುಳಿತಿದ್ದೆ. ಹೆಂಡತಿ ಡ್ಯೂಟಿಗೆ ಹೋಗಿದ್ದಳು, ಅತ್ತಿಗೆ ಅಡುಗೆಮನೆಯಲ್ಲಿದ್ದರು. ಪರದೆಯ ಮೇಲೆ ಮಂಟಪ, ಹುಡುಗಿ, ಹುಡುಗ, ಗಿಂಡಿ ಹಿಡಿದ ಅಕ್ಕ. ಪುರೋಹಿತರು ಒಂದು ಮಂತ್ರವನ್ನು ಸ್ವಲ್ಪ ಎಳೆದರು. ಅದರಿಂದಾಗಿ ಅಲ್ಲಿ ಮುಹೂರ್ತ ಬರುವುದಕ್ಕೂ ಕ್ರಿಕೆಟಿಗರ ಊಟ ಮುಗಿಯುವುದಕ್ಕೂ ಸರಿಹೋಯಿತು. ಗುರಿಕಾರರು ಪರದೆಯ ಕಡೆ ತಿರುಗಿ ಬಾಯಿ ತೆರೆದರು. ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ಗುರಿಕಾರರ ಬಾಯಿ ತೆರೆದೇ ಇತ್ತು.

ಷಡ್ಡಕ ರಿಮೋಟ್ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನಿಂತಿತಲ್ಲ" ಎಂದರು.

"ಈಗ ಬರ್ತದೆ ಅಣ್ಣ. ಮುಹೂರ್ತ."

"ಪರದೆಯಲ್ಲಿ ಓಡದಿದ್ದರೆ ಅದು ಲೈವ್ ಅಲ್ಲ ಮಾರಾಯ, ಅದು ಫೋಟೋ. ನನ್ನದು ಓಡ್ತಾ ಉಂಟು."

ಒತ್ತಿಯೇ ಬಿಟ್ಟರು. ಕಾಲ್ ಕಡಿದುಹೋಯಿತು. ಗುರಿಕಾರರ ಜಾಗದಲ್ಲಿ ಒಬ್ಬ ಬೌಲರ್ ಪ್ಯಾಂಟಿಗೆ ಚೆಂಡು ಉಜ್ಜಿಕೊಳ್ಳುತ್ತಿದ್ದ. ನಾನು ಫೋನ್ ಹುಡುಕಿ, ಅಲ್ಲಿಯ ಯಾರನ್ನೋ ಹಿಡಿಯುವಷ್ಟರಲ್ಲಿ ಮೈಕಿನಲ್ಲಿ ಮೊದಲ ಪಂಕ್ತಿಯ ಊಟಕ್ಕೆ ಕರೆಯುತ್ತಿದ್ದರು.

ಅಲ್ಲಿ ಆದದ್ದು ಏನೆಂದು ಆಮೇಲೆ ತಿಳಿಯಿತು. ಗುರಿಕಾರರು ಮೂರು ಸಲ ಕೇಳಿದ್ದಾರೆ. ದೊಡ್ಡ ಪರದೆ ಮೂರು ಸಲವೂ ಕಪ್ಪಗೆ ಇದ್ದುಕೊಂಡಿದೆ. ಮುಹೂರ್ತ ಮೀರುತ್ತದೆಂದು ಹುಡುಗನ ಕಡೆಯ ಯಾರೋ ಮಾವನಿಗೆ ಒಪ್ಪಿಗೆ ಇದೆಯೆಂದು ತಿಳಿದುಕೊಳ್ಳುವ ಎಂದಿದ್ದಾರೆ, ಧಾರೆ ಆಗಿದೆ.

ಇದು ಇಷ್ಟೇ ಆಗಿದ್ದರೆ ನೆಟ್ ತೊಂದರೆ ಎಂದು ಊರೇ ನಕ್ಕು ಮರೆಯುತ್ತಿತ್ತು. ಆದರೆ ಸಂಬಂಧ ನೋಡುವ ಕಾಲದಲ್ಲಿ ನಾನು ಆ ಹುಡುಗನ ಬಗ್ಗೆ ಒಂದು ಮಾತು ಆಡಿದ್ದೆ: ಒಬ್ಬ ಮನುಷ್ಯನಿಗೆ ಮೂರು ಫೋನ್ ಯಾಕೆ ಎಂದು. ಅಕ್ಕ ಅದನ್ನು ಮರೆತಿರಲಿಲ್ಲ. ಸಂಜೆ ಫೋನ್ ಮಾಡಿದಾಗ ಅವಳು ಹೇಳಿದ್ದು ಹೀಗೆ:

"ಹುಡುಗ ನಿನಗೆ ಹಿಡಿಸಿರಲಿಲ್ಲ. ಬಾಯಲ್ಲಿ ಹೇಳಲಿಕ್ಕೆ ಧೈರ್ಯ ಸಾಲಲಿಲ್ಲ, ಬಟನಿನಲ್ಲಿ ಹೇಳಿದೆ."

ನಾನು ಒತ್ತಲಿಲ್ಲ ಎಂದೆ. ಹಾಗಾದರೆ ಬಟನ್ ತನ್ನನ್ನು ತಾನೇ ಒತ್ತಿಕೊಂಡಿತಾ ಎಂದು ಕೇಳಿ ಫೋನ್ ಇಟ್ಟಳು. ಆಮೇಲೆ ನನ್ನ ಫೋನ್ ಎತ್ತುವುದನ್ನೇ ಬಿಟ್ಟಳು. ತಾಯಿ ಹೋದ ಮೇಲೆ ನನಗೆ ಊರೆಂದರೆ ಅಕ್ಕನ ಮನೆ. ಆ ಬಾಗಿಲು ಮುಚ್ಚಿತು.

ಅದನ್ನು ತೆರೆಯಬಲ್ಲವರು ಭೂಮಿಯ ಮೇಲೆ ಒಬ್ಬರೇ ಇದ್ದರು. ಬಟನ್ ಒತ್ತಿದ್ದು ನಾನು, ನಿಮ್ಮ ತಮ್ಮ ಅಲ್ಲ, ಅಲ್ಲಿ ಧಾರೆ ನಡೆಯುತ್ತಿರುವಾಗಲೇ ಒತ್ತಿದೆ ಎಂದು ಷಡ್ಡಕ ಅಕ್ಕನಿಗೆ ಹೇಳಬೇಕಿತ್ತು. ನಾನು ಕೇಳಿದೆ. ಅವರು ಅಕ್ಕನಿಗೆ ಫೋನ್ ಮಾಡಿದರು ಕೂಡ. ಮಾಡಿ, ನೆಟ್ ತೊಂದರೆಯಿಂದ ನಿಂತುಹೋಯಿತು ಎಂದಷ್ಟೇ ಹೇಳಿದರು. ಬಟನಿನ ಮಾತೇ ಬರಲಿಲ್ಲ. ಗಂಡಸರು ಗಂಡಸರನ್ನು ಬಿಟ್ಟುಕೊಡುವುದಿಲ್ಲ ಎಂದು ಅಕ್ಕ ಅದನ್ನು ತಳ್ಳಿಹಾಕಿದಳಂತೆ. ಪೂರ್ತಿ ಹೇಳಿ ಅಣ್ಣ ಎಂದು ನಾನು ಮತ್ತೆ ಬೇಡಿದಾಗ ಷಡ್ಡಕ, ನಿಂತದ್ದನ್ನು ನಿಂತಿತು ಅಂದೆ, ಅದರಲ್ಲಿ ಸುಳ್ಳೇನು, ನಿಂತ ಮೇಲೆ ಅದು ಲೈವ್ ಅಲ್ಲ, ಲೈವ್ ಅಲ್ಲದ್ದನ್ನು ತೆಗೆದರೆ ತಪ್ಪೇನು ಎಂದು ವಾದಿಸಿದರು. ತಾವು ಬರೆದ ಕಾನೂನನ್ನು ತಾವೇ ವ್ಯಾಖ್ಯಾನಿಸಿ, ತಮ್ಮನ್ನೇ ಖುಲಾಸೆ ಮಾಡಿಕೊಂಡರು. ಆ ದಿನ ನಾನು ಸಿಟ್ಟು ಮಾಡಲಿಲ್ಲ. ಸಿಟ್ಟನ್ನು ಒಳಗೆ ಒಂದು ಮೂಲೆಯಲ್ಲಿ ಕೂರಿಸಿ, ನಿನಗೆ ಕೆಲಸ ಕೊಡುತ್ತೇನೆ, ಸ್ವಲ್ಪ ತಾಳು ಎಂದೆ.

ಕೆಲಸ ಸಿಕ್ಕಿದ್ದು ಶುವೈಖಿನಲ್ಲಿ. ನಮ್ಮಲ್ಲಿಗೆ ಬಿಡಿಭಾಗಕ್ಕೆ ಬರುವ ಗಿರಾಕಿಗಳಲ್ಲಿ ಒಬ್ಬ ಆಸ್ಟ್ರೇಲಿಯಾದ ಇಂಜಿನಿಯರ್, ಒಳ್ಳೆಯ ಮನುಷ್ಯ, ಚಹಾಕ್ಕೆ ಸಕ್ಕರೆ ಹಾಕದವನು. ಅವನಿಗೆ ಕುವೈಟಿನ ಮೇಲೆ ಇದ್ದ ದೂರು ಬಿಸಿಲಲ್ಲ, ಧೂಳಲ್ಲ, ಟಿ.ವಿ. ಅವನ ದೇಶದ ಫುಟ್‌ಬಾಲನ್ನು ಇಲ್ಲಿ ಒಂದೇ ಒಂದು ಸ್ಪೋರ್ಟ್ಸ್ ಚಾನೆಲ್ ತೋರಿಸುತ್ತದೆ, ಅದೂ ಶುಕ್ರವಾರ ಮಧ್ಯಾಹ್ನ ಒಂದು, ಶನಿವಾರ ಬೆಳಗ್ಗೆ ಎರಡು ಪಂದ್ಯ ಎಂದು ಗೊಣಗಿದ. ಮಾರ್ಚಿನಿಂದ ಸೆಪ್ಟೆಂಬರಿನ ತನಕ, ಅಷ್ಟೇ, ಎಂದ. ನಾನು ಕೈಯಲ್ಲಿದ್ದ ಫಿಲ್ಟರನ್ನು ಕೆಳಗಿಟ್ಟೆ. ಶುಕ್ರವಾರ, ಶನಿವಾರ ಎಂದರೆ ನಮ್ಮ ರಜೆಯ ದಿನಗಳು. ಷಡ್ಡಕನ ದಿನಗಳು. ಅಲ್ಲಿ ಸಂಜೆಯಾಗುವಾಗ ಇಲ್ಲಿ ಇನ್ನೂ ತಿಂಡಿಯ ಹೊತ್ತಾದ್ದರಿಂದ, ಅವರ ಕ್ರಿಕೆಟ್ ಹಾಸಿಗೆಯಿಂದ ಏಳುವ ಮುಂಚೆಯೇ ನನ್ನ ಆಟ ಸೋಫಾದ ಮೇಲೆ ಕುಳಿತಿರುತ್ತದೆ. ಮೊದಲು ಕುಳಿತವನದ್ದೇ ಟಿ.ವಿ.

ಇಂಜಿನಿಯರ್ ಇನ್ನೊಂದು ಮಾತನ್ನೂ ಹೇಳಿದ. ಶನಿವಾರದ ಮೊದಲ ಪಂದ್ಯ ನೇರವಾಗಿ ಬರುತ್ತದೆ, ಎರಡನೆಯದು ನೇರವಲ್ಲ. ನಡುವೆ ಚಾನೆಲಿನವರು ಕಾರ್ ರೇಸೋ ಕುದುರೆ ಜಿಗಿತವೋ ತುರುಕಿ, ಫುಟ್‌ಬಾಲನ್ನು ಹಿಡಿದಿಟ್ಟು, ಅಲ್ಲಿ ಆಟ ಮುಗಿಯುವ ಹೊತ್ತಿಗೆ ಇಲ್ಲಿ ಶುರು ಮಾಡುತ್ತಾರೆ. ನೇರ ಪಂದ್ಯವಾದರೆ ಪರದೆಯ ಮೂಲೆಯಲ್ಲಿ ಲೈವ್ ಎಂಬ ಕೆಂಪು ಪಟ್ಟಿ ಇರುತ್ತದೆ, ತಡವಾದದ್ದಕ್ಕೆ ಇರುವುದಿಲ್ಲ. ಅವನು ಪಂದ್ಯದ ಅರ್ಧದಲ್ಲಿರುವಾಗ ಅವನ ತಮ್ಮ ಅಲ್ಲಿಂದ ಫಲಿತಾಂಶ ಕಳಿಸಿ ಹೊಟ್ಟೆ ಉರಿಸುತ್ತಾನಂತೆ. ಇದು ಅನ್ಯಾಯ ಎಂದ. ನಾನು ಬಹಳ ಸಹಾನುಭೂತಿಯಿಂದ ತಲೆಯಾಡಿಸಿದೆ. ಒಳಗೆ ಮೂಲೆಯಲ್ಲಿ ಕುಳಿತಿದ್ದ ಸಿಟ್ಟು ಎದ್ದು ನಿಂತಿತ್ತು.

ನನ್ನ ಯೋಜನೆಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಪರದೆಯಲ್ಲಿ ಓಡುವುದೇ ಲೈವ್, ನಿಂತರೆ ಫೋಟೋ ಎಂದು ಷಡ್ಡಕ ತೀರ್ಪು ಕೊಟ್ಟಿದ್ದರು. ಈಗ ಒಂದು ಆಟ ಸಿಕ್ಕಿತ್ತು: ಪರದೆಯಲ್ಲಿ ಭರ್ಜರಿಯಾಗಿ ಓಡುತ್ತಿರುತ್ತದೆ, ಅಲ್ಲಿ ಆಟಗಾರರು ಸ್ನಾನ ಮುಗಿಸಿ ಮನೆಗೆ ಹೊರಟಿರುತ್ತಾರೆ. ಅದನ್ನು ನಾನು ನೋಡುತ್ತಾ ಕೂರಬೇಕು. ಒಂದಲ್ಲ ಒಂದು ದಿನ ಷಡ್ಡಕ ಮೋಸ ಕಂಡುಹಿಡಿಯಬೇಕು. ಕಂಡುಹಿಡಿದು, ಪರದೆಯಲ್ಲಿ ಏನಿದ್ದರೇನು, ಅಲ್ಲಿ ನಡೆಯುತ್ತಿದ್ದರೆ ಮಾತ್ರ ಲೈವ್ ಎಂದು ತಮ್ಮ ಬಾಯಿಂದಲೇ ಹೇಳಬೇಕು. ಆ ಒಂದು ವಾಕ್ಯ ಬಂದರೆ, ಧಾರೆಯ ದಿನ ಅವರು ತೆಗೆದದ್ದು ಲೈವ್ ಎಂದು ಅವರೇ ಒಪ್ಪಿದ ಹಾಗೆ. ಅದಕ್ಕೆ ಸಾಕ್ಷಿಯಾಗಿ ಅತ್ತಿಗೆ ಮನೆಯಲ್ಲಿರಬೇಕು. ಇಷ್ಟೇ.

ನಾನು ಸುಳ್ಳು ಹೇಳಲಿಲ್ಲ. ಎರಡನೆಯ ಪಂದ್ಯವನ್ನು ಲೈವ್ ಎಂದು ನಾನು ಒಮ್ಮೆಯೂ ಕರೆದದ್ದಿಲ್ಲ. ಇದು ಯಾವುದು ಎಂದು ಕೇಳಿದರೆ ಶನಿವಾರದ ಪಂದ್ಯ ಎನ್ನುತ್ತಿದ್ದೆ. ಅದು ಶನಿವಾರದ್ದೇ ಆಗಿತ್ತು.

ಹೀಗೆ ಸೀಸನ್ ಶುರುವಾಯಿತು. ನಾನು ರಜೆಯ ದಿನ ಬೇಗ ಎದ್ದು, ಮುಖ ತೊಳೆದು, ಪೂಜೆಗೆ ಕೂರುವವನ ಹಾಗೆ ಟಿ.ವಿ.ಯ ಮುಂದೆ ಕೂರುತ್ತಿದ್ದೆ. ಆಟವನ್ನು ಸ್ವಲ್ಪ ವಿವರಿಸುತ್ತೇನೆ. ಅನುಭವಿಸಿದ್ದನ್ನು ಒಬ್ಬನೇ ಇಟ್ಟುಕೊಳ್ಳುವುದು ಸರಿಯಲ್ಲ. ಮೊಟ್ಟೆಯಾಕಾರದ ಮೈದಾನ, ಮೊಟ್ಟೆಯಾಕಾರದ ಚೆಂಡು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ, ಅಡ್ಡಪಟ್ಟಿ ಇಲ್ಲ. ನಡುವಿನ ಕಂಬಗಳ ಮಧ್ಯೆ ಒದ್ದರೆ ಆರು ಅಂಕ. ಗುರಿ ತಪ್ಪಿ ಪಕ್ಕದ ಸಂದಿಗೆ ಹೋದರೂ ಒಂದು ಅಂಕ ಕೊಟ್ಟು ಸಮಾಧಾನ ಮಾಡುತ್ತಾರೆ. ತಪ್ಪಿದ್ದಕ್ಕೂ ಮಾರ್ಕು ಕೊಡುವ ಮೇಷ್ಟ್ರು ನಮ್ಮ ಶಾಲೆಯಲ್ಲಿ ಇರಲಿಲ್ಲ. ಚೆಂಡು ಹಿಡಿಯಬೇಕೆಂದು ಒಬ್ಬನು ಇನ್ನೊಬ್ಬನ ಹೆಗಲಿಗೆ ಮೊಣಕಾಲು ಕೊಟ್ಟು ಹತ್ತುತ್ತಾನೆ; ಅದಕ್ಕೆ ದಂಡವಿಲ್ಲ, ಚಪ್ಪಾಳೆ. ಚೆಂಡು ಗೆರೆ ದಾಟಿದರೆ ಒಬ್ಬ ಅಂಪೈರ್ ಮೈದಾನಕ್ಕೆ ಬೆನ್ನು ಹಾಕಿ ನಿಂತು, ತಲೆಯ ಮೇಲಿಂದ ಹಿಂದಕ್ಕೆ ಎಸೆಯುತ್ತಾನೆ. ಕಂಬದ ಬಳಿ ಇನ್ನೊಬ್ಬ ಅಂಪೈರ್ ಎರಡು ಬೆರಳನ್ನು ಪಿಸ್ತೂಲಿನ ಹಾಗೆ ಮುಂದೆ ಚಾಚಿ, ಆಮೇಲೆ ಬಾವುಟ ಬೀಸುತ್ತಾನೆ, ಗೋಲಿಗೆ ಎರಡು, ತಪ್ಪಿದ್ದಕ್ಕೆ ಒಂದು. ರೈಲ್ವೆ ಇಲಾಖೆಯಿಂದ ನಿವೃತ್ತನಾದವನಂತೆ ಅವನ ಮುಖದಲ್ಲಿ ಗೋಲು ಬಂದರೂ ಬಾರದಿದ್ದರೂ ಒಂದೇ ಭಾವ. ಇಡೀ ಆಟದಲ್ಲಿ ನನಗೆ ಗೌರವ ಹುಟ್ಟಿಸಿದ ವ್ಯಕ್ತಿ ಅವನೊಬ್ಬನೇ.

ಟಿ.ವಿ.ಯವರು ಇದನ್ನು ತೋರಿಸುವ ಶ್ರಮ ನೋಡಿದರೆ ಯಾರಿಗಾದರೂ ಕರುಣೆ ಬರುತ್ತದೆ. ಒಂದು ಕ್ಯಾಮರಾ ಕಂಬದ ಹಿಂದೆ, ಒಂದು ಮೇಲಿನಿಂದ, ಒಂದು ಗಾಜಿನ ಪೆಟ್ಟಿಗೆಯೊಳಗೆ ಕುಳಿತ ತರಬೇತುದಾರನ ಮೂಗಿನ ಮುಂದೆ. ತಂಡ ಸೋಲುತ್ತಿದ್ದರೆ ಆ ಮನುಷ್ಯ ಟೆಲಿಫೋನಿನಲ್ಲಿ ಯಾರಿಗೋ ಬೈಯುವುದನ್ನು ಗಾಜಿನಾಚೆಯಿಂದ ತೋರಿಸುತ್ತಾರೆ, ಶಬ್ದ ಮಾತ್ರ ಕೊಡುವುದಿಲ್ಲ. ನಾಲ್ಕು ಪಾಲಿನ ಆಟ. ಪ್ರತಿ ಪಾಲು ಮುಗಿದಾಗ ಊರಿನ ಮಿಲ್ಲಿನದ್ದರಂಥ ಸೈರನ್ ಕೂಗುತ್ತದೆ. ವೀಕ್ಷಕ ವಿವರಣೆಯವರು ನಾಲ್ಕು ಜನ. ನಾಲ್ವರಿಗೂ ಒಟ್ಟಿಗೇ ಹೇಳುವುದಿರುತ್ತದೆ. ಗೋಲು ಹೌದೋ ಅಲ್ಲವೋ ಎಂಬ ಸಂಶಯ ಬಂದರೆ ಅದೇ ಚೆಂಡು ಅದೇ ಕಂಬದ ಪಕ್ಕದಿಂದ ಹೋಗುವುದನ್ನು ನಿಧಾನವಾಗಿ, ಇನ್ನೂ ನಿಧಾನವಾಗಿ, ಕೊನೆಗೆ ನಿಂತೇ ಬಿಡುವಷ್ಟು ನಿಧಾನವಾಗಿ ತೋರಿಸುತ್ತಾರೆ. ಆಗೆಲ್ಲ ನಾನು ಪಕ್ಕಕ್ಕೆ ತಿರುಗಿ ಷಡ್ಡಕನ ಮುಖ ನೋಡುತ್ತಿದ್ದೆ.

ಅಲ್ಲಿ ಆಟಗಾರನೊಬ್ಬ ಚೆಂಡು ಬಿಡದೆ ಸಿಕ್ಕಿಬಿದ್ದರೆ ಸಾವಿರಾರು ಜನ ಒಂದೇ ಕಂಠದಲ್ಲಿ "ಬಾಲ್" ಎಂದು ಕೂಗುತ್ತಾರೆ. ಅದನ್ನು ನಾನೂ ಕಲಿತೆ. ಬೆಳಗ್ಗೆ ಷಡ್ಡಕ ಹಲ್ಲುಜ್ಜಲು ಹೋಗುವಾಗ, ಕೆಳದನಿಯಲ್ಲಿ, ಆದರೆ ಬಾತ್‌ರೂಮಿನ ಬಾಗಿಲು ದಾಟುವಷ್ಟು ಸ್ಪಷ್ಟವಾಗಿ, "ಬಾಲ್" ಎನ್ನುತ್ತಿದ್ದೆ.

ಅವರಿಗೆ ನಿಜವಾದ ಪೆಟ್ಟು ಬಿದ್ದದ್ದು ಮೆಲ್ಬರ್ನಿನ ದೊಡ್ಡ ಮೈದಾನವನ್ನು ಗುರುತಿಸಿದ ದಿನ. ಕ್ರಿಕೆಟಿನ ಕಾಲದಲ್ಲಿ ಅವರು ಆ ಮೈದಾನಕ್ಕೆ ಕೈಮುಗಿಯುವುದೊಂದು ಬಾಕಿ. ಈಗ ಅದರ ಮೇಲೆ ತೋಳಿಲ್ಲದ ಬನಿಯನ್ ಹಾಕಿದ ದೈತ್ಯರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಚಹಾದ ಲೋಟ ಹಿಡಿದು ಹತ್ತಿರ ಬಂದು, ನಡುಭಾಗವನ್ನು ಬೆರಳಿನಿಂದ ತೋರಿಸಿ, "ಪಿಚ್ ಎಲ್ಲಿ?" ಎಂದರು.

"ಕಿತ್ತು ಬದಿಗೆ ಇಟ್ಟಿದ್ದಾರೆ ಅಣ್ಣ" ಎಂದೆ. ಅದು ನಿಜವೂ ಹೌದು, ಪಿಚ್ಚನ್ನು ಬೇಕಾದಾಗ ತಂದು ಕೂರಿಸುತ್ತಾರೆಂದು ಇಂಜಿನಿಯರ್ ಹೇಳಿದ್ದ. ಷಡ್ಡಕ ಆ ದಿನ ತಿಂಡಿ ಅರ್ಧಕ್ಕೆ ಬಿಟ್ಟರು.

ಅವರ ವಾರಾಂತ್ಯಗಳು ಒಂದೊಂದಾಗಿ ಉದುರಿದವು. ಶುಕ್ರವಾರ ಮಧ್ಯಾಹ್ನ ಹೊರಗೆ ಬೀದಿಯೆಲ್ಲ ನಮಾಜಿಗೆ ಹೋಗಿ ನಿಶ್ಶಬ್ದವಾಗಿರುವಾಗ, ಒಳಗೆ ನಾವಿಬ್ಬರೂ ಎರಡು ಬದಿಯ ಸೋಫಾದಲ್ಲಿ ಮಾತಿಲ್ಲದೆ ಕುಳಿತು, ಇಬ್ಬರಿಗೂ ಬೇಡದ ಆಟವನ್ನು ನೋಡುತ್ತಿದ್ದೆವು. ಅವರು ಫೋನಿನ ಅಂಗೈಯಗಲದ ಪರದೆಯಲ್ಲಿ ಕ್ರಿಕೆಟ್ ನೋಡುವ ಮಟ್ಟಕ್ಕೆ ಇಳಿದರು. ನನ್ನ ಹೆಂಡತಿ ಒಂದು ದಿನ, ಈ ಆಟ ನಿಮಗೆ ಅರ್ಥವಾಗುತ್ತದಾ ಎಂದು ಕೇಳಿದಳು. ಆಟ ಅರ್ಥವಾಗುವ ಅಗತ್ಯವಿಲ್ಲ, ಷಡ್ಡಕನಿಗೆ ಅರ್ಥವಾದರೆ ಸಾಕು ಎಂದೆ. ಅಕ್ಕನಿಗೆ ಇನ್ನೊಮ್ಮೆ ಫೋನ್ ಮಾಡಿ ನೋಡಿ ಎಂದಳು. ಮಾಡಿದೆ. ಎತ್ತಲಿಲ್ಲ. ಹಬ್ಬಕ್ಕೆ ಕಳಿಸಿದ ಸಂದೇಶಕ್ಕೆ ಸೊಸೆ, ಎಂದರೆ ಮದುವೆಯಾದ ಆ ಹುಡುಗಿ, ಉತ್ತರ ಕೊಟ್ಟಳು, ಅಕ್ಕ ಕೊಡಲಿಲ್ಲ. ಊರಿಗೆ ಹೋಗಲು ರಜೆ ಸಿಕ್ಕಿತ್ತು, ಹೋಗಲಿಲ್ಲ. ಹೋಗಿ ಯಾವ ಮನೆಯ ಚಾವಡಿಯಲ್ಲಿ ಚೀಲ ಇಡುವುದು?

ಈ ಯೋಜನೆಯಲ್ಲಿ ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದದ್ದು ಷಡ್ಡಕನ ಸೋಮಾರಿತನವನ್ನು. ಎರಡನೆಯ ಪಂದ್ಯದ ಮೂಲೆಯಲ್ಲಿ ಕೆಂಪು ಪಟ್ಟಿ ಇಲ್ಲ ಎಂಬುದು ಕಣ್ಣಿದ್ದವನಿಗೆ ಕಾಣುವಂಥದ್ದು. ಅವರು ನೋಡಲೇ ಇಲ್ಲ. ನಾನು ಒಂದೆರಡು ಸಲ ಆ ಮೂಲೆಯಲ್ಲಿ ಏನೋ ಕೊಳೆ ಅಂಟಿದೆಯೆಂದು ಬಟ್ಟೆಯಿಂದ ಒರೆಸಿದೆ ಕೂಡ. ಇನ್ನು ಹೆಚ್ಚು ಸುಳಿವು ಕೊಟ್ಟರೆ ಬಲೆಯೇ ಹರಿಯುತ್ತಿತ್ತು. ಏಪ್ರಿಲ್ ಹೋಯಿತು, ಬೇಸಿಗೆ ಬಂತು, ಸೆಪ್ಟೆಂಬರಿನ ಫೈನಲ್ ಕೂಡ ಮುಗಿದು ಯಾರೋ ಕಪ್ ಎತ್ತಿ ಅತ್ತರು. ವಾಕ್ಯ ಬರಲಿಲ್ಲ. ಚಳಿಗಾಲದಲ್ಲಿ ಷಡ್ಡಕ ತಮ್ಮ ಕ್ರಿಕೆಟ್ ತಿರುಗಿ ಪಡೆದು, ಪಿಂಚಣಿ ಬಂದವರಂತೆ ದಪ್ಪಗಾದರು. ನಾನು ಮಾರ್ಚಿಗಾಗಿ ಕಾದೆ. ಬೇರೆಯವರಾದರೆ ಕ್ಷಮಿಸಿಬಿಡುತ್ತಿದ್ದರೇನೋ. ನನಗೆ ಆ ಅಭ್ಯಾಸ ಇಲ್ಲ.

ಮರುವರ್ಷ ಆಟ ಶುರುವಾಗಿ ಕೆಲವು ವಾರ ಕಳೆದಿತ್ತು. ಷಡ್ಡಕನ ಅಣ್ಣ ಊರಿನಲ್ಲಿ ಒಂದು ಜೋಡಿ ಕೋಣ ಕಟ್ಟಿದ್ದರು. ಅದೇ ವರ್ಷ ಮೊದಲ ಬಾರಿಗೆ ಕಂಬಳದ ಕರೆಗೆ, ಎಂದರೆ ಕೋಣಗಳು ಓಡುವ ಆ ಕೆಸರಿನ ಓಣಿಗೆ, ಇಳಿಸುತ್ತಿದ್ದರು. ಒಂದು ಶನಿವಾರ ಕಂಬಳವನ್ನು ಪೂರ್ತಿ ಲೈವ್ ಆಗಿ ಬಿಡುತ್ತಾರೆಂದು ಸುದ್ದಿ ಬಂತು. ಷಡ್ಡಕ ಎರಡು ದಿನ ಮುಂಚಿನಿಂದಲೇ ಕೋಣಗಳ ಬಗ್ಗೆ ಮಾತಾಡತೊಡಗಿದರು. ಊರಿನಲ್ಲಿ ಓದುತ್ತಿರುವ ತಮ್ಮ ಮಕ್ಕಳ ಬಗ್ಗೆ ಅವರು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಶನಿವಾರ ಅವರು ಎದ್ದು ಬರುವಾಗ ನಾನು ಸೋಫಾದಲ್ಲಿದ್ದೆ. ಮೊದಲ ಪಂದ್ಯ, ಕೆಂಪು ಪಟ್ಟಿಯ ಸಮೇತ, ಮುಗಿಯಿತು. ಕುದುರೆಗಳು ಜಿಗಿದವು. ನಾನು ಕದಲಲಿಲ್ಲ. ಎರಡನೆಯ ಪಂದ್ಯ ಶುರುವಾಯಿತು.

ಷಡ್ಡಕ ಈ ಸಲ ಕಾನೂನು ಮಾತಾಡದೆ ಬೇಡಿದರು. ತನ್ನ ಅಣ್ಣನ ಕೋಣ, ಮೊದಲ ಓಟ, ಗಳಿಗೆಯ ಮಾತು ಎಂದರು. ಫೋನಿನಲ್ಲಿ ಕೋಣ ಇರುವೆಯಷ್ಟು ಕಾಣುತ್ತದೆ ಎಂದರು. ಮೊದಲು ಕುಳಿತವನದ್ದು ಅಲ್ವಾ ಅಣ್ಣ ಎಂದು ನಾನು ಕೇಳಿದೆ, ಬಹಳ ವಿನಯದಿಂದ. ಅಡುಗೆಮನೆಯಲ್ಲಿ ಅಕ್ಕತಂಗಿಯರಿಬ್ಬರೂ ಇದ್ದರು. ಒಗ್ಗರಣೆಯ ಸದ್ದು ನಿಂತದ್ದು ನನಗೆ ಕೇಳಿಸಿತು.

ಆಗ ಷಡ್ಡಕ ಇಡೀ ಒಂದು ಸೀಸನ್ ಕಳೆದರೂ ಮಾಡದ ಕೆಲಸ ಮಾಡಿದರು. ಈ ಆಟ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ತಿಳಿಯಲು ಫೋನಿನಲ್ಲಿ ಹುಡುಕಿದರು. ಓದಿದರು. ಟಿ.ವಿ. ನೋಡಿದರು. ಮತ್ತೆ ಓದಿದರು. ಮುಖದ ಮೇಲೆ ಬೆಳಕು ಬಂತು.

"ಇದು ಮುಗಿದಿದೆ" ಎಂದರು. "ಅಲ್ಲಿ ಆಟ ಮುಗಿದಿದೆ ಮಾರಾಯ. ಈ ನೀಲಿಯವರು ಸೋತಿದ್ದಾರೆ."

"ಇಲ್ಲಿ ಓಡ್ತಾ ಉಂಟಲ್ಲ ಅಣ್ಣ."

"ಇಲ್ಲಿ ಓಡಿದರೆ ಆಯಿತಾ? ಪರದೆಯಲ್ಲಿ ಎಂತ ಕಾಣ್ತದೆ ಅಂತ ಅಲ್ಲ. ಅಲ್ಲಿ ನಡೀತಾ ಇದ್ದರೆ ಮಾತ್ರ ಲೈವ್."

ನಾನು ಟಿ.ವಿ.ಯ ಶಬ್ದ ನಿಲ್ಲಿಸಿದೆ. ಇನ್ನೊಮ್ಮೆ ಹೇಳಿ ಎಂದೆ. ಅವರು ಗೆದ್ದ ಉತ್ಸಾಹದಲ್ಲಿ ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದರು. ಅತ್ತಿಗೆ ಸೌಟು ಹಿಡಿದು ಬಾಗಿಲಿಗೆ ಬಂದಿದ್ದರು, ಹಿಂದೆ ನನ್ನ ಹೆಂಡತಿ.

"ಹಾಗಾದರೆ ಅಣ್ಣ, ನನ್ನ ಸೊಸೆಯ ಧಾರೆಯ ದಿನ ಇಲ್ಲಿ ಪರದೆ ನಿಂತಾಗ, ಅಲ್ಲಿ ಧಾರೆ ನಿಂತಿತ್ತಾ?"

ಷಡ್ಡಕ ಬಾಯಿ ತೆರೆದರು. ಮುಚ್ಚಲಿಲ್ಲ. ಮೈದಾನದಲ್ಲಿ ಯಾರೋ ಯಾರದೋ ಹೆಗಲು ಹತ್ತಿ ಸದ್ದಿಲ್ಲದೆ ಕೆಳಗೆ ಬಿದ್ದ. ಒಂದು ವರ್ಷಕ್ಕಿಂತ ಹೆಚ್ಚು ಬೇಯಿಸಿದ ಅಡುಗೆ ಅದು, ಬಿಸಿಬಿಸಿಯಾಗಿಯೇ ಬಡಿಸಿದೆ, ಅವರು ನಿಧಾನವಾಗಿ ತಿನ್ನಲಿ ಎಂದು ಸೋಫಾಕ್ಕೆ ಒರಗಿದೆ.

ಮಾತಾಡಿದವರು ಅತ್ತಿಗೆ. ವಾರ್ಡಿನಲ್ಲಿ ರೋಗಿಗಳನ್ನು ಹಾಸಿಗೆಗೆ ಕಳಿಸುವ ಧ್ವನಿಯಲ್ಲಿ, "ಫೋನ್ ಮಾಡಿ" ಎಂದರು.

"ಮಾಡುವ. ಕೋಣ ಓಡಲಿ, ಆಮೇಲೆ..."

"ಈಗ."

ನಾನು ದೊಡ್ಡ ಮನಸ್ಸು ಮಾಡಿ ಟಿ.ವಿ.ಯನ್ನು ಕಂಬಳಕ್ಕೆ ತಿರುಗಿಸಿದೆ. ಲೈವ್ ಅಲ್ಲದ್ದಕ್ಕೆ ನಾನು ಅಂಟಿ ಕೂರುವವನಲ್ಲ. ಷಡ್ಡಕನ ಅಣ್ಣನ ಕೋಣಗಳು, ಕಪ್ಪಗೆ ಹೊಳೆಯುತ್ತಾ, ಓಟದ ಸರದಿಗೆ ಕಾಯುವ ಸಾಲಿನಲ್ಲಿ ಮೂರನೆಯದಾಗಿ ನಿಂತಿದ್ದವು. ಷಡ್ಡಕ ಒಮ್ಮೆ ಅವುಗಳನ್ನು ನೋಡಿದರು. ನಮ್ಮ ಫ್ಲ್ಯಾಟಿನಲ್ಲಿ ಊರಿನ ಫೋನ್ ಕಡಿಯದೆ ಸಿಗುವುದು ಅಡುಗೆಮನೆಯ ಕಿಟಕಿಯ ಬಳಿ ಮಾತ್ರ. ಅಲ್ಲಿಂದ ಟಿ.ವಿ. ಕಾಣುವುದಿಲ್ಲ. ಅತ್ತಿಗೆ ಸೌಟಿನಿಂದ ದಾರಿ ತೋರಿಸಿದರು, ಫೋನನ್ನು ಸ್ಪೀಕರಿಗೆ ಹಾಕಿಸಿದರು.

ಅವರ ಫೋನ್ ಆದ್ದರಿಂದ ಅಕ್ಕ ಎತ್ತಿದಳು. ಷಡ್ಡಕ ಹೇಳಿದರು. ಮೊದಲು ತಡವರಿಸಿದರು, ಅತ್ತಿಗೆ ಕೆಮ್ಮಿದ ಮೇಲೆ ನೆಟ್ಟಗೆ ಹೇಳಿದರು: ನೆಟ್ ನಿಂತಿತು ನಿಜ, ಆದರೆ ಕಾಲ್ ಇತ್ತು, ಕಡಿದದ್ದು ನಾನು, ಕ್ರಿಕೆಟಿಗಾಗಿ ಬಟನ್ ಒತ್ತಿದ್ದು ನಾನು, ನಿಮ್ಮ ತಮ್ಮ ಬೇಡ ಅಂದ, ಆದರೂ ಒತ್ತಿದೆ. ಹೇಳಿ ಮುಗಿಸಿ, ಒಂದೇ ಉಸಿರಿನಲ್ಲಿ, ತನ್ನ ಅಣ್ಣನ ಕೋಣಗಳು ಈಗ ಕರೆಗೆ ಇಳಿಯುತ್ತಿವೆ, ಲೈವ್ ಬರುತ್ತಿದೆ, ಇಡುತ್ತೇನೆ ಎಂದರು.

ಆಚೆಯಿಂದ ಅಕ್ಕನ ಧ್ವನಿ, ಯಾವ ಏರಿಳಿತವೂ ಇಲ್ಲದೆ:

"ಇಡಬೇಡಿ. ಮನೆಯವರನ್ನು ಕರೀತೇನೆ. ಅವತ್ತು ಎಲ್ಲರ ಎದುರು ಆದದ್ದು, ಎಲ್ಲರ ಎದುರೇ ಹೇಳಿ."

ಅಕ್ಕ ಫೋನನ್ನು ಎಲ್ಲಿಯೋ ಇಟ್ಟು ಅಂಗಳಕ್ಕೆ ಹೋದಳು. ಅವಳು ಭಾವನನ್ನು ಕರೆಯುವುದು ಕೇಳಿಸಿತು. ಭಾವ ತೋಟದ ಕಡೆ ಇದ್ದರು ಕಾಣುತ್ತದೆ, ಮೂರು ಸಲ ಕರೆದಳು. ಮಗಳು ಮತ್ತು ಅಳಿಯ ವಾರಾಂತ್ಯಕ್ಕೆ ಬಂದಿದ್ದರು, ಅವರನ್ನು ಮಾಳಿಗೆಯಿಂದ ಇಳಿಸಿದಳು. ಪಕ್ಕದ ಮನೆಯವರನ್ನೂ ಕರೆದಳೆಂದು ನನಗೆ ಅನುಮಾನ. ಅಷ್ಟು ಹೊತ್ತೂ ಷಡ್ಡಕ ಫೋನ್ ಮುಖದ ಮುಂದೆ ಹಿಡಿದು, ಕುತ್ತಿಗೆಯನ್ನು ಹಾಲಿನ ಕಡೆ ಚಾಚುತ್ತಿದ್ದರು. ಅತ್ತಿಗೆ ನಡುವೆ ನಿಂತು ಸಾರು ಕಲಕುತ್ತಿದ್ದರು.

ಕೋಣಗಳನ್ನು ಬಿಟ್ಟರು. ನಾನು ಕಂಬಳ ಬಹಳ ನೋಡಿದವನಲ್ಲ. ಆದರೂ ಆ ಜೋಡಿ ನೀರನ್ನು ಎರಡು ಗೋಡೆಯ ಹಾಗೆ ಎಬ್ಬಿಸಿಕೊಂಡು ಬಂದ ರೀತಿ ನೋಡಿದರೆ ಯಾರಾದರೂ ಎದ್ದು ನಿಲ್ಲಬೇಕು. ನಾನು ಎದ್ದು ನಿಂತೆ. ಒಂದು ಉಸಿರು ಬಿಟ್ಟು ಇನ್ನೊಂದು ಎಳೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪಕ್ಕದ ಕರೆಯ ಜೋಡಿ ಒಂದು ಮೈಯುದ್ದ ಹಿಂದೆ. ಅಡುಗೆಮನೆಯಲ್ಲಿ ಷಡ್ಡಕ, ನೆರೆದ ಕುಟುಂಬಕ್ಕೆ, ಎರಡನೆಯ ಸಲ ಮೊದಲಿನಿಂದ ಹೇಳುತ್ತಿದ್ದರು.

ಹೇಳಿ ಮುಗಿದ ಮೇಲೆ ಅಕ್ಕ ಫೋನನ್ನು ನನಗೆ ಕೊಡಲು ಹೇಳಿದಳಂತೆ. ತೆಗೆದುಕೊಂಡು ಸ್ಪೀಕರ್ ತೆಗೆದೆ. ಎಷ್ಟೋ ಕಾಲದ ಮೇಲೆ ಅವಳು ನನ್ನೊಡನೆ ಆಡುವ ಮಾತು.

"ಅವರ ಕೋಣ ಗೆದ್ದಿತಾ?" ಎಂದು ಕೇಳಿದಳು.

ಗೆದ್ದಿತು ಎಂದೆ.

"ಅವರು ನೋಡಿದರಾ?"

"ಇಲ್ಲ ಅಕ್ಕ."

"ಸರಿ" ಎಂದಳು. ಆಮೇಲೆ ನನ್ನ ಇಕಾಮಾ ಬಂತಾ, ಊರಿಗೆ ಯಾವಾಗ ಹೊರಡುತ್ತಿ ಎಂದು ವಿಚಾರಿಸತೊಡಗಿದಳು.